ಕಾಮೆನ್ ಇಟ್ಟ ಹೆಸರುಗಳು

ನೆವೆನಾಳಿಗೂ ಕಾಮೆನ್‌ನಿಗೂ ವಿಚ್ಛೇದನವಾದಾಗ ಫ್ಲ್ಯಾಟು ಅವನಿಗೆ, ಕಾರು ಇವಳಿಗೆ ಎಂದು ಜಗಳವಿಲ್ಲದೆ ಹಂಚಿಕೆಯಾಗಿತ್ತು. ಹಂಚದೆ ಉಳಿದದ್ದು ಒಂದು ಡ್ರೈವರ್ ಮಾತ್ರ.

ಹಳೆಯ ಟೇಪುಗಳ ಹಾಡನ್ನು ಕಂಪ್ಯೂಟರಿಗೆ ಇಳಿಸುವ ಸೌಂಡ್ ಕಾರ್ಡ್ ಒಂದಿತ್ತು. ಅದನ್ನು ಮಾಡಿದ ಕಂಪನಿ ಬಾಗಿಲು ಹಾಕಿಕೊಂಡರೂ ರೂಸೆ ಪಟ್ಟಣದ ಸುತ್ತಲಿನ ಹಳ್ಳಿ ವಾಚನಾಲಯಗಳು ಅದನ್ನು ಬಿಟ್ಟಿರಲಿಲ್ಲ; ಅವು ಟೇಪಿನಲ್ಲಿ ಕೂಡಿಟ್ಟ ಹಳ್ಳಿ ಅಜ್ಜಿಯರ ಹಾಡೆಲ್ಲ ಅದರ ಮೂಲಕವೇ ಇಳಿಯಬೇಕು. ಕಾರ್ಡಿನ ಮಾತು ಕಂಪ್ಯೂಟರನ್ನು ನಡೆಸುವ ಲಿನಕ್ಸಿಗೆ ತಿಳಿಯುವಂತೆ ಮಾಡುವ ತಂತ್ರಾಂಶ, ಅಂದರೆ ಡ್ರೈವರನ್ನು, ಕಾಮೆನ್ ಬರೆದು, ಯಾರು ಬೇಕಾದರೂ ಬಳಸಲಿ, ತಿದ್ದಲಿ ಎಂದು ಲೋಕಕ್ಕೆ ಬಿಟ್ಟಿದ್ದ. ಆಮೇಲೆ ಅವನಿಗೆ ಬೇಜಾರು ಬಂತು. ದೂರು ಬರೆದವರಿಗೆಲ್ಲ ಉತ್ತರ ಕೊಡುವ ಕೆಲಸ ಹೆಂಡತಿಯ ಕೊರಳಿಗೆ ಬಿತ್ತು. ಮದುವೆ ಮುರಿದ ಮೇಲೂ ಅದು ಅಲ್ಲೇ ಜೋತಾಡುತ್ತಿತ್ತು.

ಆ ವಸಂತದಲ್ಲಿ ಬ್ರನೋದಿಂದ ಲುಬೋಷ್ ಬರೆದ. ಲಿನಕ್ಸಿನಲ್ಲಿ ಈ ಬಗೆಯ ಡ್ರೈವರುಗಳ ಉಸ್ತುವಾರಿ ಅವನದು. ‘ಇದನ್ನು ಓದಲು ಯಾರಿಂದಲೂ ಆಗುತ್ತಿಲ್ಲ. ಬೇಸಿಗೆ ಮುಗಿಯುವುದರೊಳಗೆ ಚೊಕ್ಕ ಮಾಡದಿದ್ದರೆ ತೆಗೆದುಹಾಕುತ್ತೇನೆ. ಅಂದಹಾಗೆ, ಇದರಲ್ಲಿರುವ ತಾಷ್ತಾ ಎಂದರೇನು?’

ಲೋಕವೆಲ್ಲ ಓದುವ ಮೇಲ್ ಪಟ್ಟಿಯಲ್ಲಿ ನೆವೆನಾ ಉತ್ತರಿಸಬೇಕಾಯಿತು. ತಮ್ಮ ಭಾಷೆಯಲ್ಲಿ ತಾಷ್ತಾ ಎಂದರೆ ಅತ್ತೆ. ಕಾರ್ಡಿನಿಂದ ಗೊರಗೊರ ಸದ್ದು ಬಂದಾಗಲೆಲ್ಲ ಅದನ್ನು ಎಣಿಸುವ ಜಾಗಕ್ಕೆ ಕಾಮೆನ್ ಇಟ್ಟ ಹೆಸರು ಅದು. ಆ ಅತ್ತೆ ನೆವೆನಾಳ ತಾಯಿ ಎಂಬುದನ್ನು ಅವಳು ಬರೆಯಲಿಲ್ಲ.

ಕೋಪ ಲುಬೋಷ್‌ನ ಮೇಲಲ್ಲ. ಅವನು ಹೇಳಿದ್ದು ನಿಜ. ಕಡತದ ತುಂಬ ‘ಅತ್ತೆ’, ‘ಅತ್ತೆ೨’, ‘ಹಾಳಾಗಿಹೋಗು’, ‘ಕುಂಬಳಕಾಯಿ’. ಎಲ್ಲಿಂದಲೋ ಉದುರಿದ ಅಂಕಿಗಳು. ವಿವರಣೆ ಎಂದು ಇದ್ದದ್ದು ಒಂದೇ ಸಾಲು: ‘ಇದು ಗೊತ್ತಿದ್ದವರಿಗೆ ಗೊತ್ತು.’ ಅವಳು ಹಲ್ಲು ಕಚ್ಚಿಕೊಂಡು ಒಂದೊಂದೇ ಹೆಸರು ಬದಲಿಸಿ ಪಟ್ಟಿಗೆ ಕಳಿಸತೊಡಗಿದಳು. ವರ್ಷಗಟ್ಟಲೆ ಮಾತಾಡದೆ ಕೂತಿದ್ದ ಕಾಮೆನ್‌ಗೆ ಈಗ ಎಚ್ಚರವಾಯಿತು. ಪ್ರತಿ ತಿದ್ದುಪಡಿಯ ಕೆಳಗೂ ಅವನದೊಂದು ಕೊಕ್ಕೆ: ಸರಿಯಾಗಿ ನಡೆಯುತ್ತಿರುವುದನ್ನು ಕೆದಕುವುದೇಕೆ?

‘ಕುಂಬಳಕಾಯಿ’ಗೆ ಬಂದಾಗ ಅವಳ ತಾಳ್ಮೆ ಮುಗಿಯಿತು. ಭಾನುವಾರ ಮಧ್ಯಾಹ್ನ ಕಾರ್ಡು, ಕಂಪ್ಯೂಟರು, ಟೇಪ್ ಯಂತ್ರ ಎಲ್ಲ ಕಾರಿಗೆ ಹಾಕಿಕೊಂಡು ಅವನ ಮನೆಗೆ ಹೋದಳು.

“ಬಾ. ಬೈಯೋಕೆ ಬಂದಿದ್ರೆ ಕೂತ್ಕೊಂಡೇ ಬೈ” ಎಂದ ಕಾಮೆನ್.

“ಬೈದು ಬೈದು ಬಾಯಿ ಬಿದ್ದುಹೋಗಿದೆ. ಇದೊಂದು ಹೇಳು. ಈ ಕುಂಬಳಕಾಯಿ ಏನು ಮಾಡುತ್ತೆ?”

ಅವನು ಕನ್ನಡಕ ಹಾಕಿಕೊಂಡು ನೋಡಿದ. ಡ್ರೈವರು ಕಾರ್ಡಿನಿಂದ ಒಂದು ಅಂಕಿ ಓದಿ ಎಸೆಯುತ್ತಿತ್ತು. ಮತ್ತೆ ಅದನ್ನೇ ಓದಿ ಮತ್ತೆ ಎಸೆಯುತ್ತಿತ್ತು. ಅವನು ಮೇಲಿನ ಸಾಲು ನೋಡಿದ, ಕೆಳಗಿನ ಸಾಲು ನೋಡಿದ, ಗಡ್ಡ ಕೆರೆದುಕೊಂಡ.

“ಇದು ಸುಮ್ಮನೆ ಇದೆ. ತೆಗೆದುಹಾಕು.”

“ಖಾತ್ರಿನಾ?”

“ಬರೆದವನು ನಾನಾ ನೀನಾ?”

ತೆಗೆದು ಟೇಪು ಹಾಕಿದರು. ಕೊಯ್ಲಿನ ಹಾಡು ಹಾಡುತ್ತಿದ್ದ ಅಜ್ಜಿಯ ಮೊದಲ ಪದವೇ ಮಾಯ. ಇನ್ನೊಂದು ಟೇಪು ಹಾಕಿದರೂ ಮೊದಲ ಪದ ಇಲ್ಲ. ಕುಂಬಳಕಾಯಿಯನ್ನು ಮತ್ತೆ ಕೂರಿಸಿದಾಗ ಅಜ್ಜಿ ಮೊದಲಿನಿಂದ ಹಾಡಿದಳು. ಎರಡು ಓದಿನಲ್ಲಿ ಒಂದನ್ನಷ್ಟೇ ತೆಗೆದರೆ ಒಮ್ಮೆ ಸರಿ, ಒಮ್ಮೆ ತಪ್ಪು. ನಿದ್ದೆಗಣ್ಣಿನ ಕಾರ್ಡಿಗೆ ಮೊದಲ ಕರೆ ಒಮ್ಮೊಮ್ಮೆ ಕೇಳಿಸುವುದಿಲ್ಲ, ಎರಡನೆಯದಕ್ಕೆ ಖಂಡಿತ ಕಣ್ಣು ಬಿಡುತ್ತದೆ ಎಂದು ತಿಳಿಯುವಷ್ಟರಲ್ಲಿ ಇಬ್ಬರಿಗೂ ಸಾಕಾಗಿತ್ತು.

ಕಾಮೆನ್ ಕನ್ನಡಕ ತೆಗೆದಿಟ್ಟ. “ಬರೆದದ್ದು ನಾನೇ ಅಂತ ಗೊತ್ತಿಲ್ಲದೆ ಹೋಗಿದ್ರೆ ಬರೆದವನಿಗೆ ಉಗೀತಿದ್ದೆ.”

“ನಾನು ಗೊತ್ತಿದ್ದೇ ಇಷ್ಟು ವರ್ಷ ಉಗೀತಾ ಇದ್ದೀನಿ.”

ಅವನು ನಗಲಿಲ್ಲ. ಅವಳಿಗೂ ಗೆದ್ದಂತೆ ಅನಿಸಲಿಲ್ಲ. ತಾನು ಎರಡು ವಾರ ಕುಸ್ತಿಯಾಡಿದ ಒಗಟಿಗೆ ಉತ್ತರ ಇವನ ತಲೆಯಲ್ಲಾದರೂ ಇದೆ ಎಂದು ನಂಬಿದ್ದಳು. ಅಲ್ಲೂ ಇರಲಿಲ್ಲ. ಇವನಿಗೇನಾದರೂ ಆದರೆ ಡ್ರೈವರಿನ ಗುಟ್ಟು ಲೋಕದಲ್ಲಿ ಯಾರಿಗೂ ಗೊತ್ತಿರುವುದಿಲ್ಲ ಎಂದು ತಾನು ಹೆದರುತ್ತಿದ್ದುದೆಲ್ಲ ದಂಡ. ಇವನು ಚೆನ್ನಾಗಿಯೇ ಇದ್ದಾನೆ, ಆದರೂ ಗೊತ್ತಿಲ್ಲ.

“ಹೆಸರು ಬದಲಿಸು” ಎಂದ ಕೊನೆಗೆ. “ಎಬ್ಬಿಸೋದು ಅಂತಿಡು. ಯಾಕೆ ಎರಡು ಸಲ ಅಂತ ಕೆಳಗೆ ಬರಿ.”

“ನೀನೇ ಬರಿ. ತಮಾಷೆ ಬೇಡ.”

ಅವನು ಬರೆದ. ತಮಾಷೆಯಿಲ್ಲದ ನಾಲ್ಕು ಸಾಲಿಗೆ ಅವನು ಪಟ್ಟ ಪಾಡು ನೋಡಿ ಅವಳಿಗೆ ಅರೆಕ್ಷಣ ಪಾಪ ಅನಿಸಿತು. ನಂತರ ಬೇಸಿಗೆಯ ಉಳಿದ ಭಾನುವಾರಗಳಲ್ಲಿ ಇಬ್ಬರೂ ಸೇರಿ ಒಂದೊಂದು ಅತ್ತೆಯನ್ನೂ ಹೊರಗೆ ಕಳಿಸಿದರು. ಆಗಸ್ಟಿನಲ್ಲಿ ಲುಬೋಷ್ ‘ಸರಿ, ಸೇರಿಸಿದ್ದೇನೆ’ ಎಂದಷ್ಟೇ ಬರೆದ. ಧನ್ಯವಾದ ಅವನ ಅಭ್ಯಾಸದಲ್ಲಿರಲಿಲ್ಲ.

ಕಳಿಸಿದ ಕೊನೆಯ ತಿದ್ದುಪಡಿಯಲ್ಲಿ ನೆವೆನಾ ಇನ್ನೊಂದು ಕೆಲಸ ಮಾಡಿದ್ದಳು. ಡ್ರೈವರಿನ ಹೊಣೆ ಹೊತ್ತವರ ಜಾಗದಲ್ಲಿ ತನ್ನ ಹೆಸರಿನ ಮೇಲೆ ಕಾಮೆನ್‌ನ ಹೆಸರನ್ನು ಸೇರಿಸಿದ್ದಳು. ಅವನು ಎರಡು ದಿನ ಮುಖ ಊದಿಸಿಕೊಂಡಿದ್ದು ಒಪ್ಪಿದ.

ಸೆಪ್ಟೆಂಬರಿನಲ್ಲಿ ಯಾರೋ ಹೊಸಬ ಡ್ರೈವರಿಗೆ ತಿದ್ದುಪಡಿ ಕಳಿಸಿದ. ಕಾಮೆನ್ ಅವಳಿಗೆ ಫೋನು ಮಾಡಿದ.

“ಇವನು ಬರೆದಿರೋದು ಒಂದಕ್ಷರ ಅರ್ಥ ಆಗ್ತಿಲ್ಲ ಕಣೇ. ಹೆಸರುಗಳು ನೋಡಿದ್ಯಾ? ಇಂಥವರಿಗೆ ಏನು ಹೇಳೋದು?”

“ನೀನೇ ಏನಾದ್ರೂ ಹೇಳು” ಎಂದು ನೆವೆನಾ ಫೋನಿಟ್ಟಳು. ಕೆಂಪು ದೊಣ್ಣೆಮೆಣಸಿನಕಾಯಿಯ ಕಾಲ. ಚಳಿಗಾಲಕ್ಕೆಂದು ಸುಟ್ಟು ಬಾಟಲಿಗೆ ತುಂಬಬೇಕು. ಚೀಲ ತೆಗೆದುಕೊಂಡು ಪೇಟೆಗೆ ಹೊರಟಳು.