ದೀಪಸ್ತಂಭದ ಬಾಗಿಲು

ನಾವಿಕನ ಕೈಗೆ ಒಣಮೀನು ಕೊಟ್ಟು ದೀಪಸ್ತಂಭದ ಬಾಗಿಲ ಮೇಲೆ ಒತ್ತಿದಾಗ ಅವನು ಭುಜ ಕುಣಿಸಿ, "ಇದರಿಂದ ಏನೂ ಆಗೋದಿಲ್ಲ" ಎಂದ. ಹಗ್ಗ ಕೊಟ್ಟಾಗಲೂ ಅದನ್ನೇ ಅಂದ. ಛತ್ರಿ, ತುಕ್ಕು ಹಿಡಿದ ಚಮಚ, ಅರ್ಧ ಹರಿದ ನಕ್ಷೆ, ಯಾವುದಕ್ಕೂ ಅವನದು ಅದೇ ಮಾತು, ಅದೇ ಭುಜ. ಪರೀಕ್ಷಕ ಒಂದೊಂದು ಸಲವೂ ಪಟ್ಟಿಯಲ್ಲಿ ಒಂದು ಗುರುತು ಹಾಕಿ ಮುಂದಿನ ವಸ್ತುವಿಗೆ ಹೋಗುತ್ತಿದ್ದ. ಬೆಳಗಿನಿಂದ ಇನ್ನೂರ ಹನ್ನೊಂದು ಗುರುತುಗಳಾಗಿದ್ದವು. ಮಣಿಕಟ್ಟಿಗೆ ಸುತ್ತಿದ್ದ ಬಟ್ಟೆಪಟ್ಟಿಯ ಕೆಳಗೆ ನೋವು ಮೆಲ್ಲಗೆ ಮೊಳಕೈಯತ್ತ ಹತ್ತುತ್ತಿತ್ತು.

ಬುದ್ಧಿ ಬೇಡ, ಬೆನ್ನು ಗಟ್ಟಿಯಿದ್ದರೆ ಸಾಕು ಎನ್ನುವಂಥ ಕೆಲಸ ಅದು. ಕಂಪ್ಯೂಟರ್ ಪರದೆಯ ಮೇಲೊಂದು ದ್ವೀಪ, ದ್ವೀಪದ ಮೇಲೊಬ್ಬ ನಾವಿಕ. ಆಡುವವರು ಮೌಸ್ ಒತ್ತಿ ಅವನನ್ನು ಅಲ್ಲಿ ಇಲ್ಲಿ ನಡೆಸಬೇಕು, ಸಿಕ್ಕಿದ್ದನ್ನೆಲ್ಲ ಅವನ ಚೀಲಕ್ಕೆ ಹಾಕಿಸಬೇಕು, ಯಾವ ವಸ್ತು ಎಲ್ಲಿ ಕೆಲಸಕ್ಕೆ ಬರುತ್ತದೆಂದು ತಲೆ ಓಡಿಸಬೇಕು. ಗುಂಡು ಹಾರುವುದಿಲ್ಲ, ಯಾರೂ ಸಾಯುವುದಿಲ್ಲ, ಅವಸರವೂ ಇಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಈ ಆಟದ ಮೂರು ಭಾಗಗಳು ಒಂದರ ಹಿಂದೊಂದು ಬಂದಿದ್ದವು. ಆಗ ಆಡಿದ್ದ ಮಕ್ಕಳೆಲ್ಲ ಈಗ ಸಂಬಳದವರಾಗಿರುವುದರಿಂದ, ಹೊಸ ಬಣ್ಣ ಬಳಿದು ಮೂರನ್ನೂ ಮತ್ತೆ ಮಾರಿದರೆ ಕೊಳ್ಳುತ್ತಾರೆಂದು ಕಂಪನಿ ಲೆಕ್ಕ ಹಾಕಿತ್ತು. ಆಡುವವರಿಗಿಂತ ಮೊದಲು ಎಲ್ಲವನ್ನೂ ಎಲ್ಲದರ ಮೇಲೂ ಒತ್ತಿ ನೋಡುವುದು ಪರೀಕ್ಷಕನ ಪಾಲಿನದು. ಹಳೆಯ ತಂಡದಲ್ಲಿ ಉಳಿದವನು ಅವನೊಬ್ಬನೇ. ಐವತ್ತೊಂದು ವಯಸ್ಸಿಗೆ ಮತ್ತೆ ಅದೇ ಮೀನು, ಅದೇ ಬಾಗಿಲು.

ತಂಡದ ಮುಖ್ಯಸ್ಥೆ ಒಂದು ಹಳದಿ ಬಣ್ಣಕ್ಕೆ ತಿರುಗಿದ ಹಾಳೆ ಹಿಡಿದು ಅವನ ಮೇಜಿನ ಬಳಿ ಬಂದಳು. ಅವಳಿಗೆ ಅವನ ಮಗಳ ವಯಸ್ಸು. ಅವನನ್ನು ಸರ್ ಎಂದೇ ಕರೆಯುತ್ತಿದ್ದಳು. ಎರಡನೇ ಭಾಗದಲ್ಲಿ ಒಂದು ತೊಂದರೆಯಿದೆ ಎಂದಳು. ನೆಲಮಾಳಿಗೆಯ ಕತ್ತಲಲ್ಲಿ ನಾವಿಕ ಒಂದು ಪತ್ರ ಓದಬೇಕು. ಬೆಸ್ತರ ಹೆಂಗಸಿನ ಹತ್ತಿರ ಕಂದೀಲು ಕೇಳಿ ತಂದರೂ ಆದೀತು, ಚೀಲದಲ್ಲಿರುವ ಮೇಣದ ತುಂಡನ್ನೇ ಹಚ್ಚಿಕೊಂಡರೂ ಆದೀತು. ಮೇಣ ಹಚ್ಚಿದವರಿಗೆ ಮುಂದೆ ಉಗ್ರಾಣದ ಕಪಾಟಿನಲ್ಲಿ ಇನ್ನೊಂದು ತುಂಡು ಸಿಗಬೇಕು. ಸಿಗುತ್ತಿಲ್ಲ. ಸಿಗದಿದ್ದರೆ ದೀಪಸ್ತಂಭದ ಬಾಗಿಲು ತೆರೆಯುವ ದಾರಿಯೇ ಇಲ್ಲ.

"ಆದ್ರೆ ಸರ್, ಹಳೇ ಪಟ್ಟೀಲಿ ಇದು ಸರಿಯಿದೆ ಅಂತ ಗುರುತಿದೆ. ಕೆಳಗೆ ನಿಮ್ಮ ಸಹಿ" ಎಂದಳು. ದೂರುವ ದನಿಯೇನಲ್ಲ. ಆಗ ತಾನು ಒಂದನೇ ಕ್ಲಾಸಿನಲ್ಲಿದ್ದೆ ಎಂದು ನಗುತ್ತ ಸೇರಿಸಿದಳು.

ಅವನು ಹಾಳೆಯನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಅದರಲ್ಲಿ ಏನಿದೆಯೆಂದು ಅವನಿಗೆ ಬಾಯಿಪಾಠವಾಗಿತ್ತು. ನಲವತ್ತು ಸಾಲುಗಳಿದ್ದ ಹಾಳೆ. ಹದಿನೆಂಟು ಸಾಲುಗಳ ಮುಂದೆ ಬಿಡಿಬಿಡಿಯಾಗಿ ಗುರುತು, ಹತ್ತೊಂಬತ್ತನೆಯದರಿಂದ ಕೊನೆಯವರೆಗೆ ಒಂದೇ ಉದ್ದ ಗೆರೆ, ಗೆರೆಯ ತುದಿಗೊಂದು ಗುರುತು. ಶುಕ್ರವಾರ ಸಂಜೆ ಹಾಕಿದ ಗೆರೆ ಅದು. ಸೋಮವಾರ ಆಟದ ಸೀಡಿ ಅಚ್ಚಿಗೆ ಹೋಗಬೇಕಿತ್ತು, ಆ ಗೆರೆಗಿಂತ ಮುಂಚಿನ ಮೂರು ವಾರ ಅವನು ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಮೇಣದ ಸಾಲು ಇಪ್ಪತ್ತೇಳನೆಯದು.

ಈ ತಪ್ಪು ಹಳೇ ಆಟಗಾರರ ನಡುವೆ ಹೆಸರಾಗಿಬಿಟ್ಟಿದೆ, ಹಾಗೇ ಇರಲಿ ಅನ್ನುವವರೂ ಇದ್ದಾರೆ, ನೀವೇನಂತೀರಿ ಎಂದು ಅವಳು ಕೇಳಿದಳು.

"ಸರಿ ಮಾಡ್ಸಿ" ಎಂದ ಅವನು. "ಇವತ್ತೇ ಮಾಡ್ಸಿ."

ಊಟದ ಹೊತ್ತಿಗೆಲ್ಲ ಕೆಲಸ ಮುಗಿದಿತ್ತು. ಪ್ರೋಗ್ರಾಮಿನವರು ಬರೆದದ್ದು ಎರಡೇ ಸಾಲು ಕೋಡ್. ಅವನು ಮೇಣ ಹಚ್ಚಿ, ಪತ್ರ ಓದಿಸಿ, ಉಗ್ರಾಣಕ್ಕೆ ಹೋಗಿ ಕಪಾಟು ತೆಗೆಸಿದ. ಹೊಸ ತುಂಡು ಅಲ್ಲಿತ್ತು. ಇಪ್ಪತ್ತೆರಡು ವರ್ಷ ಎದೆಯ ಮೇಲೆ ಕೂತಿದ್ದದ್ದು ಎರಡು ಸಾಲಿನ ಕೆಲಸ ಎಂದು ತಿಳಿದಾಗ ಅವನಿಗೆ ಸಮಾಧಾನವೇನೂ ಆಗಲಿಲ್ಲ, ಅಸಹ್ಯವಾಯಿತು. ತಲೆನೋವೆಂದು ಅರ್ಧ ದಿನದ ರಜೆ ಬರೆದುಕೊಟ್ಟು, ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಅಕ್ಕನ ಮನೆಗೆ ಹೊರಟ. ಅಪ್ಪ ಇದ್ದದ್ದು ಅಲ್ಲಿ.

ಅಪ್ಪ ಬೀಗ ರಿಪೇರಿಯವರು. ಮಾರುಕಟ್ಟೆಯ ಮೆಟ್ಟಿಲ ಕೆಳಗೆ ಒಬ್ಬರು ಕೂರುವಷ್ಟೇ ಜಾಗದ ಅಂಗಡಿ, ಮೂವತ್ತೈದು ವರ್ಷ. ಬೀಗದ ಕೈ ಕಳೆದ ಪೆಟ್ಟಿಗೆ, ಬೀಗ ತಿರುಗದ ಕಪಾಟು, ಒಳಗಿನಿಂದ ಚಿಲಕ ಬಿದ್ದ ಬಚ್ಚಲು, ಯಾವುದಕ್ಕೂ ಅವರನ್ನೇ ಕರೆಯುತ್ತಿದ್ದರು. ಆ ಕಸುಬಿನಲ್ಲೊಂದು ಕಟ್ಟಳೆಯಿತ್ತು. ಒಬ್ಬ ಬೀಗದ ಮುಂದೆ ಕೂತು ಅದನ್ನು ಬಿಡಿಸುವ ಕಡ್ಡಿ ಆಡಿಸುತ್ತಿರುವಾಗ ಪಕ್ಕದಲ್ಲಿ ನಿಂತ ಇನ್ನೊಬ್ಬ ಎಷ್ಟೇ ದೊಡ್ಡ ಕಸುಬುದಾರನಾಗಿದ್ದರೂ ಬಾಯಿ ಬಿಡುವಂತಿಲ್ಲ. ಕೂತವನು ಸೋತು, ತಾನಾಗಿಯೇ ಕಡ್ಡಿಯನ್ನು ಅವನ ಅಂಗೈಗೆ ಇಟ್ಟರೆ ಮಾತ್ರ ಮಾತು. ಅಪ್ಪ ಯಾರ ಕೈಗೂ ಕಡ್ಡಿ ಕೊಟ್ಟದ್ದನ್ನು ಮಗ ಕಂಡಿರಲಿಲ್ಲ.

ಎರಡನೇ ಭಾಗ ಬಂದಾಗ ಒಂದು ಪ್ರತಿಯನ್ನು ಅವನು ಅಪ್ಪನಿಗೆ ತಂದುಕೊಟ್ಟಿದ್ದ. ಅಪ್ಪ ಮೊದಲನೇ ಭಾಗವನ್ನು ಹತ್ತೇ ದಿನದಲ್ಲಿ ಮುಗಿಸಿ, ಅಂಗಡಿಗೆ ಬಂದವರಿಗೆಲ್ಲ ತಮ್ಮ ಮಗ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದ ಆಟ, ಅದರಲ್ಲಿ ಒಂದು ಕೂದಲು ಆಚೀಚೆ ಇರೋದಿಲ್ಲ ಎಂದು ಹೇಳಿಕೊಂಡು ಓಡಾಡಿದ್ದರು. ಎರಡನೆಯದರಲ್ಲಿ ದೀಪಸ್ತಂಭದ ಬಾಗಿಲ ಮುಂದೆ ನಿಂತುಬಿಟ್ಟರು. ಒಂದು ವಾರ, ಒಂದು ತಿಂಗಳು, ಹನ್ನೊಂದು ತಿಂಗಳು. ಮಗ ಕಡೆಯ ಪಕ್ಷ ಒಂದು ಸುಳಿವು ಕೊಡಲೇ ಎಂದಾಗಲೆಲ್ಲ, ಮೌಸ್ ಇನ್ನೂ ನನ್ನ ಕೈಲಿದೆ ಕಣೋ ಎನ್ನುತ್ತಿದ್ದರು.

ಕಡೆಗೊಂದು ಭಾನುವಾರ ಬೆಳಿಗ್ಗೆ ಅವರೇ ಮೌಸನ್ನು ಮಗನ ಕಡೆಗೆ ತಳ್ಳಿದರು. "ತಗೋ. ನನ್ ಕೈಲಾಗ್ಲಿಲ್ಲ."

ಅವನು ನಾವಿಕನ ಚೀಲ ತೆರೆದು ನೋಡಿದ. ಮೇಣವಿರಲಿಲ್ಲ. ಉಗ್ರಾಣಕ್ಕೆ ಹೋಗಿ ಕಪಾಟು ತೆಗೆದ. ಅಲ್ಲೂ ಇರಲಿಲ್ಲ. ಇಪ್ಪತ್ತೇಳನೇ ಸಾಲು ಅವನ ಕಣ್ಣ ಮುಂದೆ ಬಂತು. ಆಗ ತಾನೇ ಅವನಿಗೆ ಬಡ್ತಿ ಸಿಕ್ಕಿತ್ತು. ಒಂದು ಮಾತು ಹೇಳಿಬಿಟ್ಟಿದ್ದರೆ ಆಗುತ್ತಿತ್ತು. ಅವನು ಹೇಳಲಿಲ್ಲ. ಮಾರನೆಯ ಭಾನುವಾರ ಆಫೀಸಿನಿಂದ ಮೇಣ ಸುಡದೆ ತಾನೇ ಅರ್ಧ ಆಡಿಟ್ಟಿದ್ದ ಆಟವನ್ನು ಫ್ಲಾಪಿಯಲ್ಲಿ ತಂದು, ಅದರಿಂದ ಒಂದೇ ನಿಮಿಷದಲ್ಲಿ ಬಾಗಿಲು ತೆರೆದು ತೋರಿಸಿದ. ಮಲಗಿದ್ದ ಕಾವಲುಗಾರನ ಸೊಂಟದ ಬೀಗದ ಕೈಯನ್ನು ಮೇಣಕ್ಕೆ ಒತ್ತಿ ಅಚ್ಚು ತೆಗೆಯುವುದು, ಅಷ್ಟೇ.

ಮೇಣ ಎಲ್ಲಿ ಸಿಕ್ಕಿತು ಎಂದು ಅಪ್ಪ ಕೇಳಿದ್ದರು. ಮೊದಲಿಂದಲೂ ಚೀಲದಲ್ಲೇ ಇತ್ತಲ್ಲ ಎಂದಿದ್ದ ಮಗ.

"ಓ" ಎಂದಿದ್ದರು ಅಪ್ಪ. "ಹಂಗಾದ್ರೆ ನಾನೇ ಸುಟ್ಟೆ."

ಮುಂದಿನ ತಿಂಗಳು ಅವರು ಅಂಗಡಿ ಬಿಟ್ಟರು. ಬೀಗದವನಿಗೆ ಮೇಣ ಉಳಿಸಿಕೊಳ್ಳಬೇಕೆನ್ನುವುದು ಹೊಳೆಯಲಿಲ್ಲ ಎಂದರೆ ತಲೆ ಮಂಕಾಯಿತೆಂದೇ ಅರ್ಥ, ನಾಳೆ ಯಾರದೋ ಪೆಟ್ಟಿಗೆ ಕೆಡಿಸಿ ಮಾನ ಕಳೆದುಕೊಳ್ಳುವುದಕ್ಕಿಂತ ಮೊದಲು ಎದ್ದುಬಿಡುವುದು ವಾಸಿ ಎಂದು ಅಕ್ಕನಿಗೆ ಹೇಳಿದರಂತೆ. ಆಗ ಅವರಿಗೆ ಐವತ್ತೆಂಟು. ಆಮೇಲೆ ಒಂದು ಬೀಗವನ್ನೂ ಮುಟ್ಟಲಿಲ್ಲ. ಅಕ್ಕನ ಕಬ್ಬಿಣದ ಬೀರುವಿನ ಬೀಗದ ಕೈ ಕಳೆದು ಎರಡು ವರ್ಷವಾಗಿದ್ದರೂ, ಯಾರನ್ನಾದರೂ ಕರೆಸು ಎಂದು ಮುಖ ತಿರುಗಿಸುತ್ತಿದ್ದರು. ಅಕ್ಕ ಯಾರನ್ನೂ ಕರೆಸಿರಲಿಲ್ಲ. ಬೀರು ಹಾಗೇ ಮುಚ್ಚಿಕೊಂಡು ನಿಂತಿತ್ತು.

ಅವನು ಹೋದಾಗ ಅಪ್ಪ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಎಂಬತ್ತಾಗಿತ್ತು, ಕಣ್ಣು ಮಾತ್ರ ಚುರುಕಾಗಿತ್ತು. ವಾರದ ನಡುವೆ ಬಂದೆಯಲ್ಲ, ಕೆಲಸದಿಂದ ತೆಗೆದರೇನೋ ಎಂದು ತಮಾಷೆ ಮಾಡಿದರು. ಅಕ್ಕ ಟೀ ತಂದಿಟ್ಟು ಅಲ್ಲೇ ಮಂಚದ ತುದಿಯಲ್ಲಿ ಕೂತಳು. ಅವನು ಲ್ಯಾಪ್‌ಟಾಪ್ ತೆಗೆದು ಮೇಜಿನ ಮೇಲಿಟ್ಟ, ತೆರೆಯಲಿಲ್ಲ.

"ಅಪ್ಪ, ಆ ದೀಪಸ್ತಂಭದ ಬಾಗಿಲು" ಎಂದ. "ನೀವು ಮೇಣ ಸುಟ್ಟಿದ್ದು ತಪ್ಪಲ್ಲ. ಇನ್ನೊಂದು ಸಿಗ್ಬೇಕಿತ್ತು. ನಾನು ನೋಡ್ದೇನೇ ನೋಡಿದೀನಿ ಅಂತ ಗುರುತು ಹಾಕ್ಬಿಟ್ಟಿದ್ದೆ."

ಅಪ್ಪ ಟೀ ಲೋಟ ಕೆಳಗಿಟ್ಟರು. ಉಳಿದದ್ದನ್ನು ಅವನು ನೆಲ ನೋಡುತ್ತ ಹೇಳಿದ. ಶುಕ್ರವಾರದ ಗೆರೆ, ಖಾಲಿ ಕಪಾಟು, ಫ್ಲಾಪಿ. ಆ ಭಾನುವಾರವೇ ತನಗೆ ಗೊತ್ತಾಗಿತ್ತು ಎಂಬುದನ್ನೂ ಬಿಡದೆ ಹೇಳಿದ. ಹೇಳಿ ಮುಗಿಸಿದ ಮೇಲೆ ಹಗುರಾಗುತ್ತದೆಂದುಕೊಂಡಿದ್ದ, ಹಾಗೇನೂ ಆಗಲಿಲ್ಲ. ಮಾಡಿದ್ದು ಎಂಥ ಸಣ್ಣತನ ಎನ್ನುವುದು ತನ್ನ ಬಾಯಿಂದಲೇ ಕೇಳಿ ಇನ್ನಷ್ಟು ಚೆನ್ನಾಗಿ ತಿಳಿಯಿತು.

ಅಕ್ಕ ತಮ್ಮನ ಮುಖವನ್ನೇ ನೋಡುತ್ತಿದ್ದಳು. ಅಪ್ಪ ಅವಳಿಗೆ, ಮಂಚದ ಕೆಳಗಿನ ತಗಡಿನ ಪೆಟ್ಟಿಗೆಯಲ್ಲಿ ಅಂಗಡಿಯ ಉದ್ದನೆಯ ನೋಟ್‌ಬುಕ್ ಇದೆ, ತೆಗೆ ಎಂದರು. ಅಕ್ಕ ತೆಗೆದುಕೊಟ್ಟಳು. ಅದರ ಅಡಿಯಲ್ಲಿ ಎಣ್ಣೆ ಜಿಡ್ಡಿನ ಬಟ್ಟೆಯಲ್ಲಿ ಸುತ್ತಿದ ಕಡ್ಡಿಗಳ ಗಂಟೂ ಇತ್ತು.

"ಮೊದಲ್ನೇ ಪುಟ ಓದು" ಎಂದರು ಮಗನಿಗೆ.

ಅಪ್ಪನ ದಪ್ಪ ಅಕ್ಷರ. ಕಾವಲುಗಾರನ ಸೊಂಟದಲ್ಲಿ ಬೀಗದ ಕೈ ಇದೆ. ಮೇಣದಲ್ಲಿ ಅಚ್ಚು ತೆಗೆಯಬೇಕು. ಕೆಳಗೆ ಎರಡು ಗೆರೆ ಎಳೆದು, ಮೇಣ ಇನ್ನೊಂದು ಎಲ್ಲೋ ಇದ್ದೇ ಇರುತ್ತದೆ, ಹುಡುಕು ಎಂದು ಬರೆದಿತ್ತು. ಆಟ ಕೈಗೆ ಸಿಕ್ಕ ಆರನೇ ದಿನದ ತಾರೀಖು. ಅವನು ಪುಟ ತಿರುಗಿಸಿದ. ಬಾಗಿಲಿಗೆ ಮೀನು, ಇಲ್ಲ. ಬಾಗಿಲಿಗೆ ಹಗ್ಗ, ಇಲ್ಲ. ಛತ್ರಿ, ಇಲ್ಲ. ಚಮಚ, ಇಲ್ಲ. ಪುಟಗಟ್ಟಲೆ, ತಿಂಗಳುಗಟ್ಟಲೆ, ಇವತ್ತು ಬೆಳಿಗ್ಗೆ ಅವನು ಸಂಬಳಕ್ಕಾಗಿ ಹಾಕಿದ ಗುರುತುಗಳನ್ನೆಲ್ಲ ಅಪ್ಪ ಯಾರೂ ಕೇಳದೆ ಆಗಲೇ ಹಾಕಿ ಮುಗಿಸಿದ್ದರು. ಉಗ್ರಾಣದ ಕಪಾಟು ಎಂಬುದೊಂದೇ ನಲವತ್ತು ಕಡೆಯಾದರೂ ಇತ್ತು. ಅರ್ಧ ಪುಸ್ತಕ ದಾಟಿದ ಮೇಲೆ ಅಕ್ಷರ ಸಣ್ಣದಾಗಿತ್ತು. ಕೊನೆಯ ಪುಟದಿಂದ ಅವರು ಹಿಂದಕ್ಕೆ ಬಂದು, ಮೊದಲ ಪುಟದ ಮೇಣದ ಮಾತನ್ನು ಒಂದು ಗೆರೆ ಎಳೆದು ಹೊಡೆದುಹಾಕಿದ್ದರು.

"ಗೊತ್ತಿತ್ತು ನಂಗೆ" ಎಂದರು ಅಪ್ಪ. "ಸರಿಯಾಗೇ ಗೊತ್ತಿತ್ತು. ನೀನು ನೋಡಿದ ಆಟ ಅಂದ್ಮೇಲೆ, ತಪ್ಪು ನಂದೇ ಇರ್ಬೇಕು ಅಂದ್ಕೊಂಡೆ."

ಅವನು ಹೊಸ ಆಟದಲ್ಲಿ ಮೇಣ ಸಿಗುತ್ತದೆ, ಈಗ ಆಡಿ ನೋಡಿ ಎಂದು ಲ್ಯಾಪ್‌ಟಾಪ್‌ನತ್ತ ಕೈ ಮಾಡಿದ. ಅಪ್ಪ ತಲೆಯಾಡಿಸಿದರು.

"ಆ ಬಾಗಿಲು ನೀನೇ ಇಟ್ಕೋ."

ಕುರ್ಚಿಯ ತೋಳು ಹಿಡಿದು ಎದ್ದರು. ಅಕ್ಕ ಹಿಡಿದುಕೊಳ್ಳಲು ಹೋದಳು, ಬೇಡವೆಂದರು. ಬಟ್ಟೆಯ ಗಂಟನ್ನು ತೆಗೆದುಕೊಂಡು ಗೋಡೆ ಹಿಡಿಯುತ್ತ ಒಳಕೋಣೆಗೆ ನಡೆದು, ಕಬ್ಬಿಣದ ಬೀರುವಿನ ಮುಂದೆ ಸ್ಟೂಲು ಎಳೆಸಿ ಕೂತರು. ಬೀಗದ ಕಿಂಡಿಯ ಮೇಲೆ ಹೆಬ್ಬೆರಳು ಇಟ್ಟು ಸವರಿದರು. ಇಪ್ಪತ್ತೆರಡು ವರ್ಷದ ಧೂಳಿನ ವಾಸನೆಯ ಗಂಟು ಬಿಚ್ಚಿ, ಒಂದೊಂದು ಕಡ್ಡಿಯನ್ನೂ ಬೆಳಕಿಗೆ ಹಿಡಿದು ನೋಡಿ, ತೆಳ್ಳನೆಯದೊಂದನ್ನು ಆರಿಸಿಕೊಂಡರು.

"ಬೆಳಕು ಹಿಡಿ" ಎಂದರು. ಮಗನಿಗೋ ಮಗಳಿಗೋ ಗೊತ್ತಾಗಲಿಲ್ಲ. ಅವನೇ ಮೊಬೈಲಿನ ಟಾರ್ಚ್ ಹಚ್ಚಿ ಪಕ್ಕದಲ್ಲಿ ಮಂಡಿಯೂರಿದ.

ಅಪ್ಪ ಕಡ್ಡಿಯನ್ನು ಬೀಗದೊಳಕ್ಕೆ ತೂರಿಸಹೋದರು. ಕಡ್ಡಿ ಕಿಂಡಿಯ ಅಂಚಿಗೆ ತಾಗಿ ಜಾರಿತು. ಮತ್ತೆ ಹಾಕಿದರು, ಒಳಗೆಲ್ಲೋ ಸಣ್ಣಗೆ ಕಟಕ್ಕೆಂದಿತು, ಅಷ್ಟರಲ್ಲಿ ಬೆರಳು ಸೋತು ಹಿಂದಕ್ಕೆ ಬಂತು. ಅರ್ಧ ಗಂಟೆಯಾಯಿತು. ಅಂಗಿಯ ಬೆನ್ನು ಬೆವರಿ ಅಂಟಿಕೊಂಡಿತು. ಅಕ್ಕ ಬಾಗಿಲಲ್ಲಿ ನಿಂತು ಸಾಕು ಬಿಡಪ್ಪ, ನಾಳೆ ನೋಡೋಣ ಎಂದಳು. ಅವರಿಗೆ ಕೇಳಿಸಲಿಲ್ಲವೋ ಏನೋ. ಕಣ್ಣು ಮುಚ್ಚಿ, ಕಿವಿಯನ್ನು ಬೀರುವಿನ ಕಬ್ಬಿಣಕ್ಕೆ ಆನಿಸಿ, ಕಡ್ಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದರು.

ಅವನಿಗೆ ಏನಾದರೂ ಹೇಳಬೇಕೆನಿಸಿತು. ತಪ್ಪಾಯಿತು ಎಂದೋ, ಸ್ವಲ್ಪ ಸುಧಾರಿಸಿಕೊಳ್ಳಿ ಎಂದೋ, ಏನೋ ಒಂದು. ಬಾಯಿ ತೆರೆದವನು ಅಪ್ಪನ ಬೆರಳುಗಳನ್ನು ನೋಡಿದ. ಕಡ್ಡಿ ಇನ್ನೂ ಅವರ ಕೈಯಲ್ಲೇ ಇತ್ತು. ಅವನು ಬಾಯಿ ಮುಚ್ಚಿಕೊಂಡು, ನೋಯುತ್ತಿದ್ದ ಬಲಗೈಯಿಂದ ಎಡಗೈಗೆ ಟಾರ್ಚ್ ಬದಲಿಸಿ, ಬೆಳಕನ್ನು ಕಿಂಡಿಯ ಮೇಲೆ ಅಲ್ಲಾಡದಂತೆ ಹಿಡಿದ.