ಬುಧವಾರದ ಸಂತೆಯ ಹಸಿರು ಅಣಬೆ

ಸಿನೇವು ಊರಿನ ಬುಧವಾರದ ಸಂತೆಯಲ್ಲಿ ಪೊಲೋನಿಯಾಳ ಜಾಗ ಯಾವುದೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಚರ್ಚಿನ ಗೋಡೆಗೆ ಬೆನ್ನು ಕೊಟ್ಟು, ಮುಂದೆ ಎರಡು ಬುಟ್ಟಿ ಇಟ್ಟುಕೊಂಡು, ನಲವತ್ತೊಂದು ವರ್ಷದಿಂದ ಅವಳು ಅಲ್ಲೇ ಅಣಬೆ ಮಾರುತ್ತಿದ್ದಳು. ಅವಳ ಬುಟ್ಟಿಯ ಅಣಬೆಯನ್ನು ಯಾರೂ ಮಗುಚಿ ನೋಡುತ್ತಿರಲಿಲ್ಲ. ನೋಡಲು ಹೋದರೆ ಪಕ್ಕದಲ್ಲಿ ಚೀಸ್ ಮಾರುವ ಮಾರ್ಸಲ್ ಬಿಡುತ್ತಿರಲಿಲ್ಲ. ಮಾದೋ ಪೊಲೋನಿಯಾ ಕೊಟ್ಟದ್ದನ್ನು ಬಿಷಪ್ಪರೂ ಮೂಸಿ ನೋಡುವುದಿಲ್ಲ, ನೀನ್ಯಾವ ದೊಡ್ಡ ಮನುಷ್ಯ ಎಂದು ರೇಗಿಸುತ್ತಿದ್ದ. ವಯಸ್ಸಾದ ಹೆಂಗಸರನ್ನು ಆ ಕಡೆ ಮರ್ಯಾದೆಯಿಂದ ಮಾದೋ ಎಂದೇ ಕರೆಯುವುದು.

ಕಳೆದ ಕ್ರಿಸ್‌ಮಸ್‌ನಿಂದ ಅವಳ ಕಣ್ಣು ಮಂಜಾಗಿತ್ತು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಗಿರಾಕಿಗಳನ್ನು ದನಿಯಿಂದ ಗುರುತು ಹಿಡಿಯುತ್ತಿದ್ದಳು. ಕಾಡಿನ ದಾರಿ ಕಾಲಿಗೇ ಗೊತ್ತಿತ್ತು. ಪೈನ್ ಮರದ ಎಲೆಗಳಡಿ ಅಡಗಿರುವ, ಮುರಿದರೆ ಕೆಂಪು ರಸ ಒಸರುವ ನೆತ್ತರಣಬೆಯನ್ನು ಬೆರಳಿನಿಂದಲೇ ಪತ್ತೆ ಹಚ್ಚುತ್ತಿದ್ದಳು. ಗಂಡ ಸತ್ತ ಮೇಲೆ ಅವಳು ನಾಲ್ಕು ಜನರ ನಡುವೆ ಕೂತು ಮಾತಾಡುವ ದಿನವೆಂದರೆ ಬುಧವಾರ ಒಂದೇ. ಕಣ್ಣಿನ ಮಾತೆತ್ತಿದರೆ ಆ ಬುಧವಾರವೂ ಕೈತಪ್ಪುತ್ತದೆ ಎಂಬ ಹೆದರಿಕೆ ಅವಳದು.

ಆ ನವೆಂಬರಿನ ಬುಧವಾರ ಮೋಡ ಕವಿದು ಗಾಳಿಯೇ ಇರಲಿಲ್ಲ. ಕುರಿ ಕೋಳಿ ಮಾರುವ ಕೆಳಗಿನ ಬಯಲಿನಿಂದ ಕುರಿಗಳ ಅರಚಾಟ, ಬಾತುಕೋಳಿಗಳ ಗದ್ದಲ ಮೇಲಿನವರೆಗೂ ಕೇಳುತ್ತಿತ್ತು. ಒಂದು ಬುಟ್ಟಿಯ ನೆತ್ತರಣಬೆ ಹತ್ತು ಗಂಟೆಗೆ ಮೊದಲೇ ಖಾಲಿಯಾಯಿತು. ಇನ್ನೊಂದರಲ್ಲಿ ಹಿಂದಿನ ದಿನ ಓಕ್ ಮರಗಳ ಕೆಳಗೆ ಆಯ್ದಿದ್ದ ಹಸಿರು ಕೊಡೆಯ ಅಣಬೆಗಳಿದ್ದವು. ಅದನ್ನು ಬಲ್ಲವರು ಕಡಿಮೆ, ಬಲ್ಲವರು ಬಿಡುವುದಿಲ್ಲ. ಹನ್ನೊಂದರ ಹೊತ್ತಿಗೆ ಅವಳು ಹಿಂದೆಂದೂ ಕೇಳದ ದನಿಯೊಂದು ಕೇಳಿಸಿತು. ಎಳೆಯ ಹೆಂಗಸು, ಮಾತು ಪಕ್ಕದ ಮೆನೋರ್ಕಾ ದ್ವೀಪದ್ದು. ತನ್ನ ಮಾವನಿಗೆ ಈ ಹಸಿರು ಅಣಬೆಯೆಂದರೆ ಪ್ರಾಣ, ಮಂಡಿ ನೋವಿನಿಂದ ಎರಡು ವರ್ಷ ಕಾಡಿಗೆ ಹೋಗಿಲ್ಲ, ತನಗೆ ಇದರ ಗಂಧಗಾಳಿ ಗೊತ್ತಿಲ್ಲ, ನೀವೇ ಆರಿಸಿ ಕೊಡಿ ಎಂದಳು. ಪೊಲೋನಿಯಾ ಎರಡನ್ನು ತನ್ನ ಊಟಕ್ಕೆ ಉಳಿಸಿಕೊಂಡು ಮಿಕ್ಕದ್ದೆಲ್ಲವನ್ನೂ ಕಾಗದದಲ್ಲಿ ಸುತ್ತಿ ಕೊಟ್ಟಳು. ಬೆಣ್ಣೆ ಹಾಕಬೇಡ, ಬೆಳ್ಳುಳ್ಳಿ, ಆಲಿವ್ ಎಣ್ಣೆ ಸಾಕು ಎಂದು ಹೇಳಿಯೂ ಕಳಿಸಿದಳು.

ಸಂತೆ ಮುಗಿಯುತ್ತ ಬಂತು. ಒಂದೂವರೆ ಗಂಟೆಗೆ ಪೊಲೋನಿಯಾ ಉಳಿದ ಎರಡು ಅಣಬೆಗಳನ್ನು ಮನೆಗೆ ಒಯ್ಯುವ ಮುಂಚೆ ಮಣ್ಣು ತೆಗೆಯಲು ಕೂತಳು. ಒಂದರ ಕಾಂಡ ಹಿಡಿದು ಚಿವುಟಿದಳು. ಹಸಿರು ಅಣಬೆಯ ಕಾಂಡ ಸೀಮೆಸುಣ್ಣದ ಹಾಗೆ ಟಕ್ಕನೆ ಮುರಿಯಬೇಕು. ಇದು ಮುರಿಯಲಿಲ್ಲ. ಬೇಯಿಸಿದ ಕೋಳಿಮಾಂಸದ ಹಾಗೆ ಎಳೆ ಎಳೆಯಾಗಿ ಸೀಳಿತು.

ಅವಳ ಕೈ ಅಲ್ಲೇ ನಿಂತಿತು. ಬೆರಳನ್ನು ನಿಧಾನವಾಗಿ ಮೇಲಕ್ಕೆ ಸರಿಸಿದಳು. ಕೊಡೆಯ ಕೆಳಗೆ ಕಾಂಡದ ಸುತ್ತ ತೆಳ್ಳನೆಯ ಚರ್ಮದ ಬಳೆಯೊಂದು ತಾಕಿತು. ಆ ಬಳೆ ಇರುವುದು ಹಸಿರು ಅಣಬೆಯನ್ನೇ ಹೋಲುವ ವಿಷದ ಅಣಬೆಗೆ. ಇನ್ನೊಂದನ್ನು ಎತ್ತಿ ಚಿವುಟಿದಳು. ಅದು ಟಕ್ಕನೆ ಮುರಿಯಿತು. ಅಂದರೆ ಒಳ್ಳೆಯದು, ಕೆಟ್ಟದ್ದು ಎರಡೂ ಬೆರೆತಿದ್ದವು. ಕಲ್ಲಿನ ಗೋಡೆಯ ಪಕ್ಕದ ಮರದಡಿ ಸ್ವಲ್ಪ ದೂರದಲ್ಲಿ ಬೇರೆಯಾಗಿ ನಿಂತಿದ್ದ ಕೆಲವನ್ನು ಕೊನೆಗೆ ಕೊಯ್ದದ್ದು ನೆನಪಾಯಿತು. ನೆಲಕ್ಕೆ ಸಮನಾಗಿ ಚಾಕು ಆಡಿಸಿದ್ದಳು. ವಿಷದ ಗುರುತಾದ ಬುಡದ ಬಿಳಿ ಚೀಲ ಮಣ್ಣಿನಲ್ಲೇ ಉಳಿದಿತ್ತು.

ಮಾರ್ಸಲ್ ತನ್ನ ಚೀಸುಗಳನ್ನು ವ್ಯಾನಿಗೆ ತುಂಬುತ್ತಿದ್ದ. ಅವಳ ಮುಖ ನೋಡಿ ಹತ್ತಿರ ಬಂದು ವಿಷಯ ಕೇಳಿದ. ಕೇಳಿ ಸುತ್ತಮುತ್ತ ಒಮ್ಮೆ ನೋಡಿ ದನಿ ತಗ್ಗಿಸಿದ.

"ಮಾದೋ, ಇವತ್ತು ಅಣಬೆ ಮಾರಿದವರು ಆರು ಜನ ಇದ್ದಾರೆ. ಯಾರ ಬುಟ್ಟೀದು ಅಂತ ಯಾರಿಗ್ ಗೊತ್ತಾಗುತ್ತೆ? ಅವಳ್ಯಾರೋ, ಯಾವ ಊರೋ. ಆ ಎರಡನ್ನ ಚರಂಡಿಗೆ ಹಾಕಿ ಮನೆಗ್ ಹೋಗಿ."

"ನನಗ್ ಗೊತ್ತಲ್ಲ" ಎಂದಳು ಪೊಲೋನಿಯಾ. "ವ್ಯಾನ್ ತೆಗಿ."

ಮೊದಲು ಆ ಹೆಂಗಸು ಯಾರೆಂದು ತಿಳಿಯಬೇಕಿತ್ತು. ಇಬ್ಬರೂ ಇಳಿದು ಹೋಗಿ ಬಯಲಿನಲ್ಲಿ ಒಬ್ಬೊಬ್ಬರನ್ನೇ ವಿಚಾರಿಸಿದರು. ಕೊನೆಗೆ ಬಾತುಕೋಳಿ ಮಾರುವ ಸೆರಾಫಿಗೆ ಆ ಮಾತಿನ ಧಾಟಿ ನೆನಪಿತ್ತು. ಅವಳು ಸೋನ್ ಗರಿಂದ ಎಂಬ ತೋಟದ ಹೊಸ ಸೊಸೆ ಮಗ್ದಲೇನಾ, ಮುದುಕ ಗಿಯೆಮನ ಮಗ ಅರ್ನೌನ ಹೆಂಡತಿ, ಒಂದು ಜೋಡಿ ಬಾತುಕೋಳಿ ಕೊಂಡು ಹನ್ನೆರಡಕ್ಕೇ ಹೊರಟುಹೋದಳು ಎಂದ. ಆ ತೋಟಕ್ಕೆ ಫೋನ್ ಇರಲಿಲ್ಲ. ಇಪ್ಪತ್ತು ನಿಮಿಷದ ದಾರಿ. ಬಾದಾಮಿ ತೋಟಗಳ ನಡುವಿನ ರಸ್ತೆಯಲ್ಲಿ ಒಂದು ಜೀವವೂ ಕಾಣಲಿಲ್ಲ. ಎಲ್ಲರೂ ಊಟಕ್ಕೆ ಕೂತ ಹೊತ್ತು ಅದು.

ಸೋನ್ ಗರಿಂದದ ಬಾಗಿಲು ತೆರೆದೇ ಇತ್ತು. ಒಳಗೆ ಕಾಲಿಡುತ್ತಲೇ ಬೆಳ್ಳುಳ್ಳಿಯ ವಾಸನೆ ಪೊಲೋನಿಯಾಳ ಮೂಗಿಗೆ ಬಡಿಯಿತು. ಮೇಜಿನ ನಡುವೆ ಮಣ್ಣಿನ ಬಾಣಲೆ. ಅವಳು ಬಗ್ಗಿ ಮುಖ ಹತ್ತಿರ ಒಯ್ದು ನೋಡಿದಳು. ಬ್ರೆಡ್ಡಿನ ಚೂರಿನಿಂದ ಎಣ್ಣೆಯನ್ನೂ ಒರೆಸಿ ತಿಂದಾಗಿತ್ತು. ಗಿಯೆಮ್ ಬೆಲ್ಟು ಸಡಿಲಿಸಿಕೊಂಡು ಕೂತಿದ್ದ. ಅರ್ನೌ ಕಿತ್ತಳೆ ಸುಲಿಯುತ್ತಿದ್ದ. ಸಂತೆಯ ಅಜ್ಜಿ ಮನೆಗೇ ಬಂದದ್ದು ಕಂಡು ಮಗ್ದಲೇನಾ ನಗುತ್ತ ಎದ್ದು ಕುರ್ಚಿ ಎಳೆದಳು.

ಪೊಲೋನಿಯಾ ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದಳು. ತನ್ನ ಕಣ್ಣಿನ ವಿಷಯವನ್ನೂ ಬಿಡಲಿಲ್ಲ. ಮಾರ್ಸಲ್‌ಗೂ ಅದು ಗೊತ್ತಾದದ್ದು ಆಗಲೇ. ಅವನು ಬಾಗಿಲ ಬಳಿ ತಲೆ ತಗ್ಗಿಸಿ ನಿಂತ.

ಮೊದಲು ನಕ್ಕವನು ಗಿಯೆಮ್. "ವಿಷ ಆಗಿದ್ರೆ ಇಷ್ಟು ಹೊತ್ತಿಗೆ ಹೊಟ್ಟೆ ಹಿಡ್ಕೊಂಡು ಹೊರಳಾಡ್ತಾ ಇರ್ಬೇಕಿತ್ತಲ್ಲ, ಮಾದೋ? ನೋಡಿ, ಇನ್ನೊಂದು ಬಾಣಲೆ ಕೊಟ್ರೂ ತಿಂತೀನಿ."

"ಇದು ಈಗ ಏನೂ ಮಾಡಲ್ಲ. ಕತ್ತಲಾಗೋತನಕ ಸುಮ್ನಿರುತ್ತೆ. ನೋವು ಬಂದ ಮೇಲೆ ಹೋದ್ರೆ ತಡವಾಗುತ್ತೆ. ಈಗ್ಲೇ ಪಾಲ್ಮಾ ಆಸ್ಪತ್ರೆಗೆ ಹೊರಡಿ, ನಿಮ್ಮ ಕಾಲಿಗ್ ಬೀಳ್ತೀನಿ."

ಅರ್ನೌ ಕಿತ್ತಳೆಯನ್ನು ಕೆಳಗಿಟ್ಟ. ತಾನು ನಾಲ್ಕು ಚಮಚ ತಿಂದಿರಬಹುದು ಎಂದ. ಮಗ್ದಲೇನಾ ರುಚಿಗೆಂದು ಒಂದೇ ಒಂದು ತುಂಡು ಬಾಯಿಗೆ ಹಾಕಿಕೊಂಡಿದ್ದಳು. ಮಿಕ್ಕದ್ದೆಲ್ಲ ಮುದುಕನ ಹೊಟ್ಟೆ ಸೇರಿತ್ತು. ಎರಡು ವರ್ಷದ ಆಸೆ ತೀರಿಸಿಕೊಳ್ಳಲಿ ಎಂದು ಗಂಡ ಹೆಂಡತಿ ಅವನ ತಟ್ಟೆಗೇ ಬಡಿಸಿದ್ದರು. ಈಗ ಮಗ, ಸೊಸೆ ಇಬ್ಬರೂ ಬೇಡಿಕೊಂಡರೂ ಗಿಯೆಮ್ ಕುರ್ಚಿ ಬಿಟ್ಟು ಏಳಲಿಲ್ಲ. ಎಪ್ಪತ್ತು ವರ್ಷದಿಂದ ಅಣಬೆ ತಿನ್ನುತ್ತಿದ್ದೇನೆ, ಹೆಚ್ಚುವ ಮುಂಚೆ ಒಂದೊಂದನ್ನೂ ನಾನೇ ನೋಡಿದ್ದೇನೆ, ಕುರುಡು ಮುದುಕಿಯ ಮಾತು ಕೇಳಿ ಆಸ್ಪತ್ರೆಯ ಮಂಚದ ಮೇಲೆ ಮಲಗಲಾರೆ ಎಂದು ಹಟ ಹಿಡಿದ. ಅರ್ನೌ ತೋಳು ಹಿಡಿದೆತ್ತಲು ಹೋದಾಗ ಮುದುಕ ಮೇಜಿನ ಮೇಲಿದ್ದ ಗ್ಲಾಸನ್ನು ಗೋಡೆಗೆ ಎಸೆದ. ಕೊನೆಗೆ ಪೊಲೋನಿಯಾಳೇ, ನೀವಿಬ್ಬರು ಹೋಗಿ, ನಾನು ಇವರ ಜೊತೆ ಇರುತ್ತೇನೆ, ಅಲ್ಲಿಂದ ವೈದ್ಯರ ಗಾಡಿ ಕಳಿಸಿ ಎಂದಳು. ಮಾರ್ಸಲ್ ಅವರಿಬ್ಬರನ್ನು ಕೂರಿಸಿಕೊಂಡು ಹೊರಟ.

ಆ ಮಧ್ಯಾಹ್ನವನ್ನು ಪೊಲೋನಿಯಾ ಸಾಯುವವರೆಗೆ ಮರೆಯಲಿಲ್ಲ. ಗಿಯೆಮ್‌ಗೆ ಏನೂ ಆಗಲಿಲ್ಲ. ಗಾಜಿನ ಚೂರು ತಾನೇ ಗುಡಿಸಿದ. ಕಾಫಿ ಕಾಯಿಸಿ ಅವಳಿಗೂ ಕೊಟ್ಟ. ಸಿಟ್ಟಿಳಿದ ಮೇಲೆ ಒಳ್ಳೆಯ ಮಾತುಗಾರ ಅವನು. ಹೆಂಡತಿ ಬದುಕಿದ್ದಾಗ ಇಬ್ಬರೂ ಕತ್ತೆಗಾಡಿಯಲ್ಲಿ ಸಂತೆಗೆ ಬರುತ್ತಿದ್ದದ್ದು, ಒಂದು ಸಲ ಮಾರಲು ತಂದ ಹಂದಿ ತಪ್ಪಿಸಿಕೊಂಡು ಚರ್ಚಿನೊಳಗೆ ನುಗ್ಗಿದ್ದು, ಎಲ್ಲವನ್ನೂ ಹೇಳಿದ. ಅವಳು ಕಥೆ ಕೇಳುತ್ತಿರಲಿಲ್ಲ. ಅವನ ದನಿ ಕೇಳುತ್ತಿದ್ದಳು. ಎಲ್ಲಾದರೂ ತಡವರಿಸುತ್ತದೆಯೇ, ಉಸಿರು ಸಿಕ್ಕಿಕೊಳ್ಳುತ್ತದೆಯೇ ಎಂದು. ದನಿ ಗಟ್ಟಿಯಾಗಿತ್ತು. ನಾಲ್ಕು ಗಂಟೆಗೆ ಅವಳನ್ನು ಕರೆದೊಯ್ದು ಹಿತ್ತಲಲ್ಲಿ ಹೊಸ ಬಾತುಕೋಳಿಗಳ ಕಟ್ಟು ಬಿಚ್ಚಿ ಬಿಟ್ಟ. ಇಷ್ಟು ಗಟ್ಟಿಮುಟ್ಟಾದ ಮನುಷ್ಯನಿಗೆ ಏನಾದೀತು, ಕೆಟ್ಟದ್ದು ಆ ಒಂದೇ ಇದ್ದಿರಬಹುದು ಎಂದು ಅವಳ ಮನಸ್ಸೂ ಒಂದು ಗಳಿಗೆ ಆಸೆಪಟ್ಟಿತು.

ಬೆಳಕು ಇಳಿಯುತ್ತಿದ್ದಾಗ ಅವನು ಒಂದು ಮಾತಿನ ನಡುವೆ ನಿಂತ. ಬಾದಾಮಿ ಮರಕ್ಕೆ ಕೈ ಊರಿದ.

"ಮಾದೋ" ಎಂದ. "ಚಳಿ ಆಗ್ತಾ ಇದೆಯಾ ನಿಮಗೂ?"

ಅವಳಿಗೆ ಚಳಿ ಇರಲಿಲ್ಲ. ಅವನನ್ನು ಆತುಕೊಂಡು ಒಳಗೆ ಕರೆತಂದಳು. ಬಾಗಿಲು ದಾಟುವಷ್ಟರಲ್ಲಿ ಮೊದಲ ವಾಂತಿ ಆಯಿತು. ನೋವು ಇನ್ನೂ ಬಂದಿಲ್ಲವೆಂದು ತಡವಾಗಿ ಹೊರಟಿದ್ದ ಪಾಲ್ಮಾದ ಗಾಡಿ ಬಂದು ಹೊಸ್ತಿಲ ಮುಂದೆ ನಿಂತಾಗ ಈ ಸಲ ಅವನು ಯಾರಿಗೂ ಎದುರಾಡಲಿಲ್ಲ.

ಗುರುವಾರ ಇಡೀ ದಿನ ಅವನು ಒದ್ದಾಡಿದ. ಶುಕ್ರವಾರ ಸಂಜೆಗೆ ಎಲ್ಲವೂ ನಿಂತಿತು. ಎದ್ದು ಕೂತು ಸೂಪು ಕೇಳಿದನಂತೆ. ಕುರುಡಿ ಸೋತಳು ಅಂತ ಹೇಳು ಎಂದು ಮಾರ್ಸಲ್ ಮೂಲಕ ಹೇಳಿಯೂ ಕಳಿಸಿದ. ಮಾರ್ಸಲ್ ಈ ಸುದ್ದಿಯನ್ನು ಓಡೋಡಿ ತಂದ. ಪೊಲೋನಿಯಾ ಒಲೆಯ ಮುಂದೆ ಕೂತಿದ್ದವಳು ಏಳಲಿಲ್ಲ. ಅವಳ ಬಾಲ್ಯದಲ್ಲಿ ಇದೇ ಅಣಬೆ ತಿಂದ ಪಕ್ಕದ ಮನೆಯ ಮೂವರು ಹೀಗೇ ಒಂದು ದಿನ ಚೇತರಿಸಿಕೊಂಡು ಎಲ್ಲರನ್ನೂ ನಗಿಸಿ, ಆಮೇಲೆ ಸತ್ತಿದ್ದರು. ಇದು ಸಂತೋಷಪಡುವ ಸುದ್ದಿಯಲ್ಲ ಎಂದಷ್ಟೇ ಹೇಳಿದಳು. ಶನಿವಾರ ಗಿಯೆಮನ ಕಣ್ಣು ಹಳದಿಯಾಯಿತು. ಸೋಮವಾರ ಮಧ್ಯಾಹ್ನ ಪ್ರಾಣ ಹೋಯಿತು. ಅರ್ನೌ ಮೂರು ವಾರ ಆಸ್ಪತ್ರೆಯಲ್ಲಿದ್ದು ಬದುಕಿಕೊಂಡ. ಮಗ್ದಲೇನಾಳಿಗೆ ಎರಡು ದಿನದ ಹೊಟ್ಟೆನೋವಿನಲ್ಲಿ ಮುಗಿಯಿತು.

ಪೊಲೀಸರು ಹುಡುಕಿಕೊಂಡು ಬರುವ ಮುಂಚೆಯೇ ಪೊಲೋನಿಯಾ ಠಾಣೆಗೆ ಹೋಗಿ ಎಲ್ಲವನ್ನೂ ಬರೆಸಿದ್ದಳು. ಗಿಯೆಮನ ಮಣ್ಣಿಗೂ ಹೋದಳು. ಬರಬೇಡಿ, ಜನ ಕಲ್ಲು ಹೊಡೆದಾರು ಎಂದು ಮಾರ್ಸಲ್ ಹೇಳಿದ್ದ. ಯಾರೂ ಹೊಡೆಯಲಿಲ್ಲ. ಅವಳು ನಡೆದಲ್ಲೆಲ್ಲ ಮಾತು ನಿಂತುಹೋಗುತ್ತಿತ್ತು, ಅಷ್ಟೆ. ದನಿಯಿಂದಲೇ ಜನರನ್ನು ಗುರುತು ಹಿಡಿಯುತ್ತಿದ್ದವಳಿಗೆ ಆವತ್ತು ಸುತ್ತ ಯಾರಿದ್ದಾರೆಂದೇ ತಿಳಿಯಲಿಲ್ಲ.

ಎಲ್ಲ ಮುಗಿದ ಮೇಲೆ ಒಂದು ಹೆಜ್ಜೆಯ ಸದ್ದು ಅವಳ ಮುಂದೆ ಬಂದು ನಿಂತಿತು.

"ಒಂದು ಮಾತು ಕೇಳ್ಬೇಕು" ಎಂದಳು ಮಗ್ದಲೇನಾ. "ಕಣ್ಣು ಕಾಣಲ್ಲ ಅಂತ ನಿಮಗ್ ಯಾವತ್ತಿಂದ ಗೊತ್ತಿತ್ತು?"

ಪೊಲೋನಿಯಾಳ ಬಾಯಿಗೆ ಸುಳ್ಳೊಂದು ಬಂದಿತ್ತು. ಈಗೀಗ, ಮೊನ್ನೆ ಮೊನ್ನೆ ಎಂದುಬಿಡಬಹುದಿತ್ತು.

"ಹೋದ ಕ್ರಿಸ್‌ಮಸ್‌ನಿಂದ" ಎಂದಳು.

ಮಗ್ದಲೇನಾ ಉತ್ತರವನ್ನು ತೆಗೆದುಕೊಂಡು ಹೋಗಲು ಬಂದವಳಂತೆ ತೆಗೆದುಕೊಂಡು ಹೊರಟುಹೋದಳು. ಅವಳ ಹೆಜ್ಜೆ ಜಲ್ಲಿಯ ಮೇಲೆ ಕೇಳದಾಗುವವರೆಗೂ ಪೊಲೋನಿಯಾ ನಿಂತೇ ಇದ್ದಳು. ಆಮೇಲೆ ಮಾರ್ಸಲ್ ಬಂದು ತೋಳು ಹಿಡಿದ. ಅವಳು ಬೇಡ ಎನ್ನಲಿಲ್ಲ.