ಆರು ಗಂಟೆಯ ಚಿತ್ರ

ಅಕ್ಕ ಸತ್ತು ಒಂಬತ್ತು ದಿನವಾಗಿದ್ದರೂ ಅಡುಗೆಮನೆಯ ಗೋಡೆಯ ಮೇಲೆ ಅವಳು ದಿನಾ ಆರು ಗಂಟೆಗೆ ಮನೆಗೆ ಬರಬೇಕಾಗಿತ್ತು.

ಅವಳೇ ಅಂಟಿಸಿದ್ದ ಉದ್ದನೆಯ ಪಟ್ಟಿ ಅದು. ಮೇಲಿಂದ ಕೆಳಕ್ಕೆ ಚಿತ್ರಗಳು: ಹಲ್ಲುಜ್ಜುವ ಬ್ರಷ್, ಶಾಲೆಯ ಬಸ್ಸು, ಉಯ್ಯಾಲೆ, ಕಾರ್ಖಾನೆಯ ನೀಲಿ ಕೋಟು ತೊಟ್ಟ ಅಮ್ಮ, ಊಟದ ತಟ್ಟೆ, ಹಾಸಿಗೆ. ಅಕ್ಕನ ಮಗಳು ಗುಬ್ಬಿಗೆ ಆರು ವರ್ಷ, ಮಾತು ಬಂದಿಲ್ಲ. ಮುಂದೇನು ಅಂತ ತಿಳಿಯದೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದವಳು ಈ ಚಿತ್ರಗಳು ಬಂದ ಮೇಲೆ ತಣ್ಣಗಾಗಿದ್ದಳು. ಒಂದು ಮುಗಿದರೆ ಅದನ್ನು ಕಿತ್ತು ಕೆಳಗಿನ ಡಬ್ಬಿಗೆ ಹಾಕುವುದು, ಆಮೇಲೇ ಮುಂದಿನದು. ಅಮ್ಮ ಬಾರದೆ ತಟ್ಟೆ ಇಲ್ಲ.

ಹಾಗಾಗಿ ಸಂಜೆ ಬಾಗಿಲ ಬಳಿ ಕೂತರೆ ಕೂತಳೇ. ಊಟ ಮುಟ್ಟುತ್ತಿರಲಿಲ್ಲ. ಹಸಿವಲ್ಲೇ ತೂಕಡಿಸಿ ಹೊಸ್ತಿಲ ಮೇಲೆ ಒರಗುತ್ತಿದ್ದಳು.

"ಅವಳ ತೋಳು ನೋಡಿದ್ರಾ? ಕಡ್ಡಿಯಾಗಿದೆ," ಅಂದರು ಶಾಲೆಯ ಟೀಚರು. "ಅಮ್ಮನ ಚಿತ್ರದ ಮೇಲೆ ಕೆಂಪು ಗೀಟಿನ ಹಾಳೆ ಹಾಕಿ. ಬೇರೆ ದಾರಿ ಇಲ್ಲ."

ಆ ಹಾಳೆ ನಮ್ಮಲ್ಲಿತ್ತು. ರಜೆಯ ದಿನ ಬಸ್ಸಿನ ಮೇಲೆ, ಮಳೆ ಬಂದರೆ ಉಯ್ಯಾಲೆಯ ಮೇಲೆ ಅಕ್ಕ ಅದನ್ನು ಅಂಟಿಸುತ್ತಿದ್ದಳು. ಇವತ್ತು ಇಲ್ಲ ಅಂತ ಅರ್ಥ.

ನನ್ನ, ಅಕ್ಕನ ಅಜ್ಜಿ ಇದನ್ನು ಕೇಳಿದ್ದೇ ತಡ ಸಿಡಿದಳು. "ನನ್ನ ಮೊಮ್ಮಗಳ ಮುಖದ ಮೇಲೆ ಕೆಂಪು ಗೀಟಾ? ಅದ್ಹೇಗೆ ಮನಸ್ಸು ಬರುತ್ತೇ ನಿಂಗೆ?"

"ಮಗು ಉಪವಾಸ ಸಾಯಲಿ ಅಂತೀಯಾ ಅಜ್ಜಿ?"

"ಸಾಯೋ ಮಾತಾಡ್ಬೇಡ. ಈ ಮನೇಲಿ ಆಗಿದ್ದೇ ಸಾಕು." ಸೆರಗಲ್ಲಿ ಮೂಗೊರೆಸಿ ನನ್ನನ್ನೇ ನೋಡಿದಳು. "ನೀವಿಬ್ರೂ ಒಂದೇ ಅಚ್ಚು ಕಣೇ. ಹಿಂದಿನಿಂದ ನೋಡಿದ್ರೆ ನಂಗೇ ಗೊತ್ತಾಗ್ತಿರ್ಲಿಲ್ಲ."

ನಮ್ಮನ್ನು ಸಾಕಿದ್ದು ಅಜ್ಜಿ, ಅನ್ನಕ್ಕಿಂತ ಹೆಚ್ಚಾಗಿ ಕಥೆ ಹಾಕಿ. ಹಕ್ಕಿಯ ತೊಗಲು ತೊಟ್ಟು ಹಕ್ಕಿಯಾಗುವ ರಾಜಕುಮಾರಿ, ಅಕ್ಕನ ಸೀರೆಯುಟ್ಟು ಅರಮನೆ ಸೇರುವ ತಂಗಿ. ಆ ಕಥೆಗಳಲ್ಲಿ ಯಾವ ರಾಜನಿಗೂ ಗುರುತು ಹತ್ತುತ್ತಿರಲಿಲ್ಲ. ಮರುದಿನ ಸಂಜೆ ನಾನು ಅಕ್ಕನ ನೀಲಿ ಕೋಟು ತೊಟ್ಟೆ, ಅವಳಂತೆ ಜಡೆ ಸುತ್ತಿ ಕಟ್ಟಿದೆ. ಕೋಟಿನ ಜೇಬಿನಲ್ಲಿ ದಾರದ ಉಂಡೆಯೊಂದಿತ್ತು. ಸರಿಯಾಗಿ ಆರಕ್ಕೆ ಬೆಲ್ ಒತ್ತಿದೆ.

ಗುಬ್ಬಿ ರಾಜನಲ್ಲ. ಬಾಗಿಲು ತೆರೆದವಳು ಕೋಟು ನೋಡಿದಳು, ಮುಖ ನೋಡಿದಳು. ಒಳಗೆ ಓಡಿ ಅಮ್ಮನ ಚಿತ್ರ ಕಿತ್ತು ತಂದು, ತುದಿಗಾಲಲ್ಲಿ ನಿಂತು ನನ್ನ ಕೆನ್ನೆಯ ಪಕ್ಕ ಹಿಡಿದಳು. ಬಹಳ ಹೊತ್ತು ತಾಳೆ ನೋಡಿದಳು. ಆಮೇಲೆ ಅದನ್ನು ಗೋಡೆಗೇ ಅಂಟಿಸಿ ಬಂದು, ನನ್ನನ್ನು ಪಕ್ಕಕ್ಕೆ ಸರಿಸಿ ಹೊಸ್ತಿಲಲ್ಲಿ ಕೂತಳು. ನಾನು ಅಮ್ಮ ಬರುವ ದಾರಿಗೆ ಅಡ್ಡ ನಿಂತಿದ್ದೆ.

ಅಜ್ಜಿ ಡ್ರಾಯರ್ ಎಳೆದು ಕೆಂಪು ಗೀಟಿನ ಹಾಳೆ ತಂದು ನನ್ನ ಕೈಗಿಟ್ಟಳು.

ಅಂಟಿಸಿದೆ. ಗುಬ್ಬಿ ನೋಡಿದಳು. ಗೀಟನ್ನು ಬೆರಳಿಂದ ಒಮ್ಮೆ ಸವರಿದಳು. ಆಮೇಲೆ ಎರಡನ್ನೂ ಒಟ್ಟಿಗೆ ಕಿತ್ತು ಡಬ್ಬಿಗೆ ಹಾಕಿ ತಟ್ಟೆಯ ಮುಂದೆ ಕೂತಳು. ಗಬಗಬನೆ ತಿಂದಳು. ಅವಳು ನುಂಗುವ ಸದ್ದು ಕೇಳಲಾಗದೆ ನಾನು ನಲ್ಲಿ ತಿರುಗಿಸಿದೆ.

ಬೆಳಿಗ್ಗೆ ನಾನು ಚಪ್ಪಲಿ ಅಂಗಡಿಯ ಕೆಲಸಕ್ಕೆ ಹೊರಟಾಗ ಗುಬ್ಬಿ ಅಡ್ಡ ಬಂದಳು. ಒಂದು ಕೈಯಲ್ಲಿ ಆಲ್ಬಮ್ಮಿನಿಂದ ಕಿತ್ತ ನನ್ನ ಫೋಟೋ, ಇನ್ನೊಂದರಲ್ಲಿ ಡಬ್ಬಿಯಿಂದ ತೆಗೆದ ಆ ಕೆಂಪು ಗೀಟು. ಗೀಟನ್ನು ಫೋಟೋದಲ್ಲಿನ ನನ್ನ ಮುಖದ ಮೇಲಿಟ್ಟು ತಲೆಯೆತ್ತಿದಳು. ಅಳುತ್ತಿರಲಿಲ್ಲ. ಮೋಡವಾದಾಗ ಉಯ್ಯಾಲೆ ಇದೆಯೋ ಇಲ್ಲವೋ ಅಂತ ಅಕ್ಕನನ್ನು ಕೇಳುತ್ತಿದ್ದುದೂ ಹೀಗೆಯೇ.

"ಬರ್ತೀನಿ ಕಣೇ," ಅಂದೆ. ಮಾತು ಅವಳಿಗೆ ಯಾವ ಲೆಕ್ಕ? ಗೀಟು ಕಿತ್ತು, ನನ್ನ ಫೋಟೋವನ್ನು ಗೋಡೆಯಲ್ಲಿ ಅಮ್ಮನ ಚಿತ್ರವಿದ್ದ ಖಾಲಿ ಜಾಗಕ್ಕೆ ಅಂಟಿಸಿದೆ.

ಸಂಜೆ ಅಂಗಡಿಯಿಂದ ಹೊರಟು, ಅಕ್ಕನ ಮೇಲೆ ಲಾರಿ ಹರಿದ ಅದೇ ರಸ್ತೆಯ ಅಂಚಿಗೆ ಬಂದೆ. ಸಿಗ್ನಲ್ ಹಸಿರಾಯಿತು. ಜನ ದಾಟಿದರು. ನನ್ನ ಕಾಲು ಏಳಲಿಲ್ಲ. ಮತ್ತೆ ಕೆಂಪಾಯಿತು, ಮತ್ತೆ ಹಸಿರಾಯಿತು.

ಆರಕ್ಕೆ ಇನ್ನು ಹತ್ತೇ ನಿಮಿಷವಿತ್ತು.